ಗುಜರಿಗೆ ಹೋಗುವ ಮುನ್ನ ಒಂದು ಚಿತ್ರ

ಆಳಂದ ತಾಲ್ಲೂಕಿನ ಹಳ್ಳಿಯೊಂದರ ಮನೆಯ ಪಡಸಾಲೆಯಲ್ಲಿ, ದೇವರ ಪಟಗಳ ಸಾಲಿನಲ್ಲಿಯೇ, ಒಂದು ಲಾರಿಯ ಚಿತ್ರ ತೂಗುತ್ತಿದೆ. ಕಪ್ಪು ಬಿಳುಪಿನ, ಅಂಚು ಹಳದಿಗಟ್ಟಿದ, ಎರಡು ಅಂಗೈ ಅಗಲದ ಚಿತ್ರ. ಲಾರಿಯ ನೆತ್ತಿಯ ಮೇಲೆ ಏಣಿ, ಬದಿಯಲ್ಲಿ ದಪ್ಪನೆಯ ಕೊಳವೆ, ಚಾಲಕನ ಬಾಗಿಲ ಪಕ್ಕದಲ್ಲಿ ಗಂಟೆ. ಮುಂದೆ ಏಳು ಮಂದಿ ಸಮವಸ್ತ್ರ ತೊಟ್ಟು, ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದಾರೆ. ಎಡದಿಂದ ಮೂರನೆಯವರು ಆ ಮನೆಯ ಯಜಮಾನರು. ಅಗ್ನಿಶಾಮಕ ಇಲಾಖೆಯಲ್ಲಿ ನಾಲ್ಕು ದಶಕಕ್ಕೆ ಸಮೀಪ ದುಡಿದು, ಜಿಲ್ಲೆಯ ಬೇರೆಬೇರೆ ಠಾಣೆಗಳನ್ನು ಸುತ್ತಿ, ಈಗ ಊರು ಸೇರಿ ತೊಗರಿ ಹೊಲ ನೋಡಿಕೊಂಡಿರುವವರು.

‘ಇವರೆಲ್ಲರ ಹೆಸರು ನೆನಪದಾವೇನು ಕಾಕಾ?’ ಎಂದು ಕೇಳಿದೆ. ತಮ್ಮನ್ನು ಬಿಟ್ಟು ಉಳಿದ ಆರು ಮಂದಿಯಲ್ಲಿ ಐವರ ಹೆಸರನ್ನು ಊರಿನ ಸಮೇತ ಹೇಳಿದರು. ಆರನೆಯವರ ಬಳಿ ಬೆರಳು ನಿಂತಿತು. ‘ಇಂವ ಬೀದರ ಕಡಿಯಾಂವ. ಡ್ರೈವರ್ ಇದ್ದ. ಹೆಸರು ನಾಲಿಗಿ ಮ್ಯಾಲ ಅದ, ಬರವಲ್ದು ನೋಡು ತಮ್ಮಾ’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗಾಡಿ ನಂಬರ್ ಕೇಳು, ಹೇಳ್ತೀನಿ’ ಎಂದು ನಕ್ಕರು.

ಪಟವನ್ನು ಗೋಡೆಯಿಂದ ಇಳಿಸಿ ಬೆನ್ನು ನೋಡಿದೆವು. ಸ್ಟುಡಿಯೊದ ಮಸುಕು ಮೊಹರು ಮಾತ್ರ ಇತ್ತು. ಇಸವಿಯಿಲ್ಲ, ಠಾಣೆಯ ಹೆಸರಿಲ್ಲ, ನಿಂತವರ ಹೆಸರಿಲ್ಲ. ಆ ವಾಹನ ಏನಾಯಿತು ಎಂಬ ಪ್ರಶ್ನೆಗೆ ಅವರ ಉತ್ತರ ಚಿಕ್ಕದು: ‘ಕಿಲೋ ಲೆಕ್ಕದಾಗ ಹೋತು.’

ಇಸವಿ ಬರೆದಿರದಿದ್ದರೂ ಚಿತ್ರವೇ ತನ್ನ ವಯಸ್ಸನ್ನು ಹೇಳುತ್ತಿತ್ತು. ಲಾರಿಯ ಮೂತಿಯ ಜಾಲರಿಯ ಮೇಲೆ ವೃತ್ತದೊಳಗಿನ ‘ಟಿ’ ಅಕ್ಷರವಿದೆ. ಟಾಟಾ ಕಂಪನಿ ಜಮ್‌ಶೆಡ್‌ಪುರದಲ್ಲಿ 1954ರಿಂದ ಜರ್ಮನಿಯ ಮರ್ಸಿಡಿಸ್ ಬೆಂಜ್ ಸಹಯೋಗದಲ್ಲಿ ಲಾರಿಗಳನ್ನು ತಯಾರಿಸುತ್ತಿತ್ತು. ಅವುಗಳ ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರವಿರುತ್ತಿತ್ತು. ಆ ಒಪ್ಪಂದ ಮುಗಿದು 1969ರಲ್ಲಿ ನಕ್ಷತ್ರ ಹೋಗಿ ‘ಟಿ’ ಬಂತು. ಹಾಗಾಗಿ ವಾಹನ ಅದಕ್ಕಿಂತ ಹಳೆಯದಲ್ಲ. ಇನ್ನು ಬಾಗಿಲ ಮೇಲಿನ ಬರಹದಲ್ಲಿ ‘ಮೈಸೂರು’ ಎಂಬ ಪದ ಭೂತಗನ್ನಡಿ ಹಿಡಿದರೆ ಓದಲು ಸಿಗುತ್ತದೆ. ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾದದ್ದು 1973ರ ನವೆಂಬರ್ 1ರಂದು. ಅಂದರೆ ವಾಹನ ಈ ಎರಡು ವರ್ಷಗಳ ನಡುವೆ ಬಂದದ್ದು. ಚಿತ್ರ ತೆಗೆದದ್ದು ಮಾತ್ರ ಅದಕ್ಕೂ ತಡವಾಗಿ ಇರಬಹುದು, ಏಕೆಂದರೆ ಸರ್ಕಾರಿ ವಾಹನದ ಬಾಗಿಲಿಗೆ ಹೊಸ ಹೆಸರು ಬರೆಯಿಸಲು ಯಾರಿಗೂ ಅವಸರವಿರುವುದಿಲ್ಲ. ಕಾಕಾ ನೌಕರಿಗೆ ಸೇರಿದ್ದು 1972ರಲ್ಲಿ. ಲೆಕ್ಕ ಕೂಡಿಬಂತು. ಒಂದು ಹಾಳೆಯಷ್ಟು ಕಡತವೂ ಇಲ್ಲದೆ, ಗೋಡೆಯ ಮೇಲಿನ ಒಂದು ಚಿತ್ರದಿಂದ ಇಷ್ಟು ತಿಳಿಯಿತು.

ನನಗೆ ಈ ಲಾರಿಯ ಮೇಲೆ ಇಷ್ಟು ಕುತೂಹಲವೇಕೆಂದು ಓದುಗರು ಕೇಳಬಹುದು. ಕಾರಣ ಬಾಲ್ಯದ್ದು. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ನಮ್ಮ ಓಣಿಯ ಹಿಂದಿನ ಕಣಕಿಯ ಬಣವೆಗೆ ಬೆಂಕಿ ಬಿದ್ದಿತ್ತು. ಬಾವಿಯಿಂದ ಬಣವೆಯವರೆಗೆ ಜನ ಸಾಲುಗಟ್ಟಿ ನಿಂತು ಕೊಡಗಳನ್ನು ದಾಟಿಸುತ್ತಿದ್ದರು. ಯಾರೋ ಸೈಕಲ್ಲಿನಲ್ಲಿ ಹೋಗಿ ಫೋನು ಮಾಡಿಸಿದರು. ಆಗ ವಾಹನ ಬರಬೇಕಾದದ್ದು ಕಲಬುರಗಿಯಿಂದ. ಆಳಂದಕ್ಕೇ ಸುಮಾರು 40 ಕಿ.ಮೀ., ಅಲ್ಲಿಂದ ಹಳ್ಳಿಯ ದಾರಿ ಬೇರೆ. ಗಂಟೆಯ ಸದ್ದು ಕೇಳುವ ಹೊತ್ತಿಗೆ ಬಣವೆ ಬೂದಿಯಾಗಿತ್ತು. ಹಿರಿಯರು ‘ಬಂಬ ಬಂತು, ಬಂಬ ಬಂತು’ ಎಂದು ಕೂಗಿದರು. ಗಡಿಯಾಚೆಯ ಮರಾಠಿಯಲ್ಲಿಯೂ ಅಗ್ನಿಶಾಮಕ ವಾಹನ ‘ಬಂಬ’ವೇ, ಪೋರ್ಚುಗೀಸರ ‘ಬೊಂಬ’, ಅಂದರೆ ಪಂಪು, ಕರಾವಳಿಯಲ್ಲಿ ಇಳಿದು ನಮ್ಮ ಬಯಲುಸೀಮೆಯ ತನಕ ನಡೆದು ಬಂದ ರೂಪ ಅದು. ನಮ್ಮ ಬಚ್ಚಲುಮನೆಗಳಲ್ಲಿ ನೀರು ಕಾಯಿಸುವ ತಾಮ್ರದ ಹಂಡೆಗೂ ಅದೇ ಹೆಸರು. ಬೆಂಕಿ ಹಚ್ಚುವುದಕ್ಕೂ ಆರಿಸುವುದಕ್ಕೂ ಒಂದೇ ಪದ ಸಾಕಾದದ್ದು ಒಂದು ವಿನೋದ.

ಬಣವೆ ಉಳಿಯದಿದ್ದರೂ ಅಂದು ಅದರ ಪಕ್ಕದ ಎರಡು ಮನೆಗಳು ಉಳಿದವು. ಬಂದವರು ಮೊದಲು ನೋಡಿದ್ದು ಗಾಳಿಯ ದಿಕ್ಕನ್ನು. ಉರಿಯುತ್ತಿರುವುದನ್ನು ಬಿಟ್ಟು, ಉರಿಯದೇ ಇದ್ದ ಜಂತಿಮನೆಗಳ ಮೇಲೆ ನೀರು ಹಾಯಿಸಿದಾಗ ಊರವರು ಬೈದರು. ಆ ಕೆಲಸದ ಅರ್ಥ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಬಳಿಕ. ನೀರಿನ ಲೆಕ್ಕ ಅಷ್ಟು ಬಿಗಿಯಾದುದು. ಭಾರತೀಯ ಮಾನಕ ಸಂಸ್ಥೆ ವಿವರಿಸಿರುವ ‘ಬಿ’ ಮಾದರಿಯ ಜಲವಾಹನದ ತೊಟ್ಟಿ 4,500 ಲೀಟರಿನದು. ನಿಮಿಷಕ್ಕೆ 1,800 ಲೀಟರ್ ಹೊರಹಾಕುವ ಪಂಪನ್ನು ಪೂರ್ಣ ರಭಸದಲ್ಲಿ ಬಿಟ್ಟರೆ ಎರಡೂವರೆ ನಿಮಿಷದಲ್ಲಿ ತೊಟ್ಟಿ ಬರಿದು. ಆಮೇಲೆ ಬಾವಿಯೋ ಹಳ್ಳವೋ ಗತಿ. ಆದರೆ ಹೀರುಕೊಳವೆಯಿಂದ ನೀರು ಮೇಲೇರುವುದು ವಾತಾವರಣದ ಒತ್ತಡದಿಂದ. ಅದಕ್ಕೆ ಪ್ರಕೃತಿಯೇ ಮಿತಿ ಹಾಕಿದೆ. ವ್ಯವಹಾರದಲ್ಲಿ ಏಳು ಮೀಟರಿಗಿಂತ ಆಳದ ನೀರನ್ನು ಈ ಪಂಪು ಎತ್ತಲಾರದು. ಬೇಸಿಗೆಯಲ್ಲಿ ನಮ್ಮ ಬಾವಿಗಳ ನೀರು ಎಲ್ಲಿರುತ್ತದೆಂದು ಈ ಭಾಗದವರಿಗೆ ಹೇಳಬೇಕಿಲ್ಲ. ಬೆಂಕಿಯೂ ಅದೇ ಬೇಸಿಗೆಯಲ್ಲಿಯೇ ಬರುತ್ತದೆ.

ಚಿತ್ರದಲ್ಲಿ ಲಾರಿಯ ಬದಿಗೆ ಕಟ್ಟಿದ ಆ ದಪ್ಪ ಕೊಳವೆ ಹೀರುಕೊಳವೆಯೇ. ಅದರ ಪಕ್ಕದಲ್ಲಿ ಸುತ್ತಿಟ್ಟ ಹಗ್ಗದ ಕಂತೆಯೊಂದು ಕಾಣುತ್ತದೆ.  ಕೇಳಿದಾಗ ಕಾಕಾ ಹೇಳಿದರು: ಬಾವಿ ಆಳವಿದ್ದರೆ ಕೊಡಗಳನ್ನು ಈ ಹಗ್ಗದಿಂದ ಇಳಿಬಿಟ್ಟು, ಸೇದಿ, ತೊಟ್ಟಿಯ ಬಾಯಿಗೇ ಸುರಿಯುತ್ತಿದ್ದರಂತೆ. ಸರ್ಕಾರ ಕೊಟ್ಟ ಯಂತ್ರವನ್ನು ನಮ್ಮ ನೆಲದ ಬಾವಿಗೆ ಹೊಂದಿಸಿಕೊಂಡ ಬಗೆ ಅದು. ದಾಸ್ತಾನು ಪುಸ್ತಕದಲ್ಲಿ ಹಗ್ಗದ ಈ ಬಳಕೆಗೆ ಜಾಗವಿರುವುದಿಲ್ಲ. ಚಿತ್ರದಲ್ಲಿ ಇದೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಆಳಂದವೂ ಇಡೀ ಕಲಬುರಗಿ ಸೀಮೆಯೂ 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದವು. ಆ ಸಂಸ್ಥಾನದ ರೈಲ್ವೆ ಹುಟ್ಟಿದ್ದೇ ನಮ್ಮ ಜಿಲ್ಲೆಯ ವಾಡಿಯಿಂದ. ಮುಂಬಯಿ–ರಾಯಚೂರು ಮಾರ್ಗಕ್ಕೆ ಜೋಡಿಸಿ ಸಿಕಂದರಾಬಾದಿಗೆ ಹಾಕಿದ ಹಳಿ 1874ರಲ್ಲಿ ತೆರೆದುಕೊಂಡಿತು. ಅದೇ ಮುಂದೆ ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ ಆಯಿತು. ಈ ರೈಲ್ವೆಗೆ ಸೇರಿದ್ದ ಒಂದು ಅಗ್ನಿಶಾಮಕ ವಾಹನ ಇಂದಿಗೂ ಉಳಿದಿದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಸಾಲ್ಫೋರ್ಡಿನ ಜಾನ್ ಮೋರಿಸ್ ಆಂಡ್ ಸನ್ಸ್ ಕಂಪನಿ 1914ರಲ್ಲಿ ತಯಾರಿಸಿದ ವಾಹನ ಅದು. ದೆಹಲಿಯ ಚಾಣಕ್ಯಪುರಿಯಲ್ಲಿ 1977ರಲ್ಲಿ ಆರಂಭವಾದ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿ ಅದನ್ನು ಕಾಪಾಡಲಾಗಿದೆ. ಈ ಬಗೆಯ ಮೋರಿಸ್–ಬೆಲ್‌ಸೈಜ್ ವಾಹನಗಳಲ್ಲಿ ಜಗತ್ತಿನಲ್ಲಿ ಉಳಿದಿರುವವು ಎರಡೇ, ಇನ್ನೊಂದು ಇಂಗ್ಲೆಂಡಿನಲ್ಲಿದೆ ಎನ್ನಲಾಗುತ್ತದೆ. ದೆಹಲಿಯ ಸ್ಟೇಟ್ಸ್‌ಮನ್ ಪತ್ರಿಕೆಯ ಹಳೆಯ ಕಾರುಗಳ ಓಟದಲ್ಲಿ ಪಾಲ್ಗೊಂಡು ಬಹುಮಾನಗಳನ್ನೂ ಗಳಿಸಿರುವ ಈ ಮುದುಕನ ಸಾವಿರಾರು ಚಿತ್ರಗಳಿವೆ. ವಾಹನ ತಯಾರಾದ ವರ್ಷ, ಕಂಪನಿ, ಒಡೆಯ ಎಲ್ಲವೂ ದಾಖಲಾಗಿವೆ. ಪ್ರವಾಸ ಬಂದ ಶಾಲಾ ಮಕ್ಕಳು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ.

ಸಂತೋಷವೇ. ಆದರೆ ಅದು ಉಳಿದದ್ದು ರೈಲ್ವೆಯ ಸ್ವತ್ತಾಗಿದ್ದುದರಿಂದ, ರೈಲ್ವೆಗೆ ತನ್ನದೇ ಒಂದು ವಸ್ತುಸಂಗ್ರಹಾಲಯ ಇದ್ದುದರಿಂದ. ನಮ್ಮ ಬಣವೆಗಳಿಗೆ, ಬಜಾರಗಳಿಗೆ, ಎಣ್ಣೆ ಗಿರಣಿಗಳಿಗೆ ಓಡಿಬಂದ ವಾಹನಗಳಿಗೆ ಅಂಥ ತವರು ಇರಲಿಲ್ಲ.

ಕಲ್ಯಾಣ ಕರ್ನಾಟಕದ ಮಟ್ಟಿಗೆ ಈ ಕೊರತೆ ಇನ್ನೂ ಆಳವಾದುದು. ಹಳೆಯ ಮೈಸೂರಿನ ಭಾಗಕ್ಕೆ ಒಂದೇ ಆಡಳಿತದ ಎಳೆಯಿದೆ. ದಿವಾನರ ಕಾಲದ ಕಡತ ಬೆಂಗಳೂರಿನಲ್ಲಿಯೇ ಸಿಗುತ್ತದೆ. ನಮ್ಮ ಸೀಮೆ 1948ರಲ್ಲಿ ನಿಜಾಮರಿಂದ ಬಿಡುಗಡೆಗೊಂಡು ಹೈದರಾಬಾದ್ ರಾಜ್ಯದಲ್ಲಿ ಉಳಿಯಿತು. 1956ರ ನವೆಂಬರ್ 1ರಂದು ಆ ರಾಜ್ಯವೇ ಮೂರು ಪಾಲಾಯಿತು. ಕಲಬುರಗಿ ಜಿಲ್ಲೆ ಮೈಸೂರಿಗೆ ಬಂದರೆ, ಅದರ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ರಾಜಧಾನಿಯ ದಫ್ತರಗಳು ರಾಜಧಾನಿಯಲ್ಲಿಯೇ ಉಳಿದವು. ಅವುಗಳ ಭಾಷೆ ಉರ್ದು. ಮೈಸೂರು ರಾಜ್ಯ 1964ರಲ್ಲಿ ಅಗ್ನಿಶಾಮಕ ದಳದ ಕಾಯ್ದೆಯನ್ನು ತಂದು ಇಡೀ ರಾಜ್ಯಕ್ಕೆ ಒಂದೇ ವ್ಯವಸ್ಥೆಯನ್ನು ರೂಪಿಸಿದ ಮೇಲೆ ಬಂದ ವಾಹನಗಳಿಗಾದರೂ ಲೆಕ್ಕವಿತ್ತು. ಆದರೆ ಲೆಕ್ಕದ ಪುಸ್ತಕಕ್ಕೆ ಬೇಕಾದದ್ದು ಚಾಸಿ ಸಂಖ್ಯೆ, ಬೆಲೆ ಮತ್ತು ಕೊನೆಯಲ್ಲಿ ‘ಅನುಪಯುಕ್ತ’ ಎಂಬ ಷರಾ. ವಾಹನ ಹೇಗಿತ್ತು, ಯಾವ ಬೆಂಕಿಗೆ ಹೋಯಿತು, ಯಾರು ಅದರ ಬೆನ್ನೇರಿ ಹೋದರು ಎಂಬುದು ಲೆಕ್ಕಪರಿಶೋಧಕರ ಪ್ರಶ್ನೆಯಲ್ಲ. ಹೀಗೆ ಮೂರು ಆಡಳಿತಗಳ ಸಂದಿಯಲ್ಲಿ ಬಿದ್ದುಹೋದ ಕಥೆ ಈಗ ನಿವೃತ್ತ ಸಿಬ್ಬಂದಿಯ ಮನೆಗಳ ಗೋಡೆಯ ಮೇಲೆ, ಕಬ್ಬಿಣದ ಪೆಟ್ಟಿಗೆಯೊಳಗೆ, ಮದುವೆ ಆಲ್ಬಮ್ಮಿನ ಕೊನೆಯ ಪುಟದಲ್ಲಿ ಚದುರಿ ಕುಳಿತಿದೆ. ಆ ತಲೆಮಾರಿಗೆ ಈಗ ಎಪ್ಪತ್ತು, ಎಂಬತ್ತು.

ಛಾಯಾಚಿತ್ರವೊಂದು ಕಳೆದುಹೋದದ್ದನ್ನು ಹೇಗೆ ಹಿಡಿದಿಡಬಲ್ಲುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ದೊಡ್ಡ ನಿದರ್ಶನವಿದೆ. ಮೈಸೂರಿನ ಹಳೆಯ ಮರದ ಅರಮನೆ 1897ರ ಫೆಬ್ರುವರಿಯಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ವಿನ್ಯಾಸದ ಇಂದಿನ ಅರಮನೆ 1912ರಲ್ಲಿ ಪೂರ್ಣವಾಯಿತು. ಸುಟ್ಟ ಅರಮನೆಯ ಮುಖವನ್ನು ಇಂದು ನಾವು ಬಲ್ಲೆವಾದರೆ ಅದು ಬೆಂಕಿಗೆ ಮೊದಲು ಯಾರೋ ಕ್ಯಾಮೆರಾ ಹೊತ್ತು ಅದರ ಎದುರಿಗೆ ನಿಂತದ್ದರಿಂದ. ನಮ್ಮ ಹೈದರಾಬಾದಿನಲ್ಲಂತೂ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳ್ ಅರಮನೆ, ಬೇಟೆ, ಸೈನ್ಯದ ಜೊತೆಗೆ ಬರಗಾಲದ ಕಾಮಗಾರಿಗಳನ್ನೂ ಗಾಜಿನ ಫಲಕಗಳಲ್ಲಿ ಹಿಡಿದಿಟ್ಟರು. ಅವರ ಎರಡು ಸಾವಿರದ ಎಂಟುನೂರಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು ಇಂದು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. ದಯಾಳರು 1905ರಲ್ಲಿ ತೀರಿಕೊಂಡರು. ಮೋರಿಸ್ ವಾಹನ ಹಡಗು ಹತ್ತುವುದಕ್ಕೆ ಇನ್ನೂ ಒಂಬತ್ತು ವರ್ಷವಿತ್ತು. ಎಂಥ ಚಿತ್ರ ತಪ್ಪಿಹೋಯಿತು ಎಂದು ಒಮ್ಮೊಮ್ಮೆ ಅನಿಸುವುದುಂಟು.

ಪಶ್ಚಿಮದ ದೇಶಗಳಲ್ಲಿ ಈ ಕೆಲಸವನ್ನು ಮೊದಲು ಮಾಡಿದ್ದು ಸರ್ಕಾರಗಳಲ್ಲ. ತಯಾರಕರು ಮಾಡಿದರು, ಅದೂ ವ್ಯಾಪಾರದ ಕಾರಣಕ್ಕೆ. ಗ್ರಾಹಕನಿಗೆ ಒಪ್ಪಿಸುವ ಮುನ್ನ ವಾಹನವನ್ನು ಕಾರ್ಖಾನೆಯ ಅಂಗಳದಲ್ಲಿ ನಿಲ್ಲಿಸಿ ಬದಿಯಿಂದ ಒಂದು ಚಿತ್ರ ತೆಗೆದಿಡುವುದು ರೂಢಿ. ಇಂಗ್ಲೆಂಡಿನ ಗಿಲ್ಡ್‌ಫರ್ಡಿನಲ್ಲಿದ್ದ ಡೆನಿಸ್ ಕಂಪನಿಯ ಇಂಥ ಸಂಗ್ರಹ ಈಗ ಅಲ್ಲಿನ ಸರ್ರೆ ಕೌಂಟಿಯ ಇತಿಹಾಸ ಕೇಂದ್ರದಲ್ಲಿ ಸಾರ್ವಜನಿಕರ ನೋಟಕ್ಕೆ ತೆರೆದಿದೆ. ಅನಂತರ ಬಂದವರು ಹವ್ಯಾಸಿಗಳು. ಅಮೆರಿಕದಲ್ಲಿ ಹಳೆಯ ಅಗ್ನಿಶಾಮಕ ವಾಹನಗಳ ಅಭಿಮಾನಿಗಳು 1958ರಲ್ಲಿಯೇ ಸಂಘ ಕಟ್ಟಿದರು. ಬ್ಯಾಂಕಿನ ಗುಮಾಸ್ತರು, ಶಾಲಾ ಶಿಕ್ಷಕರು, ಅಂಚೆಯವರು ಭಾನುವಾರಗಳಂದು ಠಾಣೆಯಿಂದ ಠಾಣೆಗೆ ಅಲೆದು ವಾಹನಗಳ ಚಿತ್ರ ತೆಗೆದು, ಹಿಂಬದಿಯಲ್ಲಿ ದಿನಾಂಕ ಬರೆದು, ಅಂಚೆಯಲ್ಲಿ ವಿನಿಮಯ ಮಾಡಿಕೊಂಡರು. ನಗಬಹುದಾದ ಹುಚ್ಚು. ಆದರೆ ಆ ಹುಚ್ಚಿನಿಂದಾಗಿ ಅಲ್ಲಿಯ ಸಣ್ಣ ಊರೊಂದರ ಮೊದಲ ವಾಹನ ಯಾವುದು, ಅದರ ಗಂಟೆ ಎಲ್ಲಿತ್ತು ಎಂಬುದನ್ನು ಇಂದು ಯಾರೂ ಹೇಳಬಲ್ಲರು.

ನಮ್ಮಲ್ಲಿ ಅಗ್ನಿಶಾಮಕರ ನೆನಪು ವರ್ಷಕ್ಕೊಮ್ಮೆ ಬರುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿಯ ಬಂದರಿನಲ್ಲಿ ಹತ್ತಿ ಮತ್ತು ಸ್ಫೋಟಕಗಳನ್ನು ತುಂಬಿಕೊಂಡಿದ್ದ ‘ಫೋರ್ಟ್ ಸ್ಟಿಕೀನ್’ ಹಡಗು ಸಿಡಿದಾಗ ಬೆಂಕಿ ಆರಿಸಲು ಹೋದ 66 ಮಂದಿ ಅಗ್ನಿಶಾಮಕರು ಮಡಿದರು. ಆ ದಿನವನ್ನೇ ದೇಶದಾದ್ಯಂತ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸಿ, ಏಪ್ರಿಲ್ 20ರವರೆಗೆ ಸಪ್ತಾಹ ನಡೆಸುತ್ತಾರೆ. ಶಾಲಾ ಮೈದಾನಕ್ಕೆ ವಾಹನ ಬರುತ್ತದೆ, ನೀರಿನ ಕಾರಂಜಿ ಹಾರುತ್ತದೆ, ಅಡುಗೆ ಅನಿಲದ ಬೆಂಕಿಯನ್ನು ಒದ್ದೆ ಗೋಣಿಯಿಂದ ಆರಿಸುವುದನ್ನು ತೋರಿಸುತ್ತಾರೆ. ಉಪಯುಕ್ತ ಕಾರ್ಯಕ್ರಮ. ಅಲ್ಲಿ ಒಂದು ಹಳೆಯ ಚಿತ್ರವನ್ನು ನಾನು ಕಂಡಿಲ್ಲ. ಪತ್ರಿಕೆಗಳೂ ಈ ಮಾತಿನಲ್ಲಿ ಹೊರತಲ್ಲ. ಅಗ್ನಿದುರಂತಗಳ ವರದಿಯ ಚಿತ್ರದಲ್ಲಿ ಜ್ವಾಲೆಗೆ ಮಧ್ಯದ ಜಾಗ. ವಾಹನ ಮೂಲೆಯಲ್ಲಿ ಅರ್ಧ ಕತ್ತರಿಸಿ ನಿಂತಿರುತ್ತದೆ. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಉರಿದು ತೊಂಬತ್ತಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲು ಮಕ್ಕಳು, ಸತ್ತ ದಿನವನ್ನು ಆ ಪೀಳಿಗೆ ಮರೆತಿಲ್ಲ. ಅಂದು ಹೋದ ವಾಹನಗಳು ಯಾವುವು, ಅವುಗಳ ಮೇಲಿದ್ದವರು ಯಾರು ಎಂದು ಕೇಳಿದರೆ ಎಷ್ಟು ಮಂದಿ ಹೇಳಿಯಾರು?

ಇಷ್ಟು ದಿನ ಈ ಮಾತಿಗೆ ಅವಸರವಿರಲಿಲ್ಲ; ಈಗ ಇದೆ. 2023ರ ಜನವರಿಯಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಹೊರಡಿಸಿದ ಅಧಿಸೂಚನೆಯ ಪ್ರಕಾರ, ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ಆ ವರ್ಷದ ಏಪ್ರಿಲ್ 1ರಿಂದ ನವೀಕರಣಗೊಳ್ಳುವುದಿಲ್ಲ. ಅವು ನೋಂದಾಯಿತ ಗುಜರಿ ಕೇಂದ್ರಗಳಿಗೆ ಹೋಗಬೇಕು. ದೇಶದ ರಕ್ಷಣೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಗೆ ಬಳಸುವ ವಿಶೇಷ ವಾಹನಗಳಿಗೆ ಅದರಲ್ಲಿ ವಿನಾಯಿತಿಯಿದೆ. ಅಗ್ನಿಶಾಮಕ ವಾಹನಗಳನ್ನು ಹೆಸರಿಸಿಲ್ಲ. ಇನ್ನು ಹಳೆಯ ವಾಹನಗಳಿಗೆಂದು 2021ರಲ್ಲಿ ಬಂದ ‘ವಿಂಟೇಜ್’ ನೋಂದಣಿಯ ನಿಯಮ ಐವತ್ತು ವರ್ಷ ದಾಟಿದ, ಸ್ವಂತ ಬಳಕೆಯ ಕಾರು ಮತ್ತು ದ್ವಿಚಕ್ರಗಳಿಗೆ ಸೀಮಿತ. ರಾಜರ ಕಾರು ಉಳಿಯುತ್ತದೆ, ಉಳಿಯಲಿ. ಶ್ರೀರಂಗಪಟ್ಟಣದ ಬಳಿ, ಧರ್ಮಸ್ಥಳದಲ್ಲಿ ಅವುಗಳನ್ನು ಪ್ರೀತಿಯಿಂದ ಕಾಪಾಡಿದವರಿದ್ದಾರೆ. ಹದಿನೈದು ವರ್ಷಕ್ಕೇ ಆಯಸ್ಸು ಮುಗಿಯುವ ಜಲವಾಹನ ಐವತ್ತು ತಲುಪುವುದು ಯಾವಾಗ?

ಈ ನಿಯಮವನ್ನು ನಾನು ವಿರೋಧಿಸುತ್ತಿಲ್ಲ. ಅರ್ಧ ದಾರಿಯಲ್ಲಿ ಕೆಟ್ಟು ನಿಲ್ಲುವ ಜಲವಾಹನದಿಂದ ಯಾರ ಮನೆಯೂ ಉಳಿಯುವುದಿಲ್ಲ. ಕಬ್ಬಿನ ಗದ್ದೆ ಹೊತ್ತಿದ ರೈತನಿಗೆ ಬೇಕಾದದ್ದು ಪುರಾತನ ವಸ್ತುವಲ್ಲ. ಗೆಳೆಯರೊಬ್ಬರು ಈ ಬಗ್ಗೆ ನನ್ನನ್ನು ಕೆಣಕಿದರು: ‘ಇರೋ ಗಾಡಿಗೆ ಮಂದಿ ಸಾಲದು, ನೀವು ಹೋದ ಗಾಡಿ ಫೋಟೋ ಹುಡುಕ್ತೀರಿ.’ ಮಾತು ನ್ಯಾಯವಾದದ್ದೇ. ತಾಲ್ಲೂಕಿಗೊಂದು ಒಳ್ಳೆಯ ವಾಹನ, ಅದಕ್ಕೆ ಬೇಕಾದಷ್ಟು ಜನ, ನೀರು ತುಂಬಿಸಿಕೊಳ್ಳಲು ಜಾಗ, ಇವು ಮೊದಲು. ಹಳೆಯ ವಾಹನಗಳನ್ನೆಲ್ಲ ನಿಲ್ಲಿಸಲು ಜಾಗ ಕೊಡಿ ಎಂದು ಕೇಳುವುದು ಅವಿವೇಕ. ಆದ್ದರಿಂದಲೇ ನಾನು ಕೇಳುವುದು ವಾಹನವನ್ನಲ್ಲ, ಅದರ ಚಿತ್ರವನ್ನು. ಗುಜರಿ ಕೇಂದ್ರದಲ್ಲಿ ಚಾಸಿ ಸಂಖ್ಯೆಯ ತುಂಡನ್ನು ಕತ್ತರಿಸಿ ಕೆಲಕಾಲ ಜೋಪಾನ ಮಾಡಬೇಕೆಂದು ನಿಯಮವೇ ಹೇಳುತ್ತದೆ. ದುರುಪಯೋಗವಾಗದಿರಲಿ ಎಂಬುದು ಅದರ ಉದ್ದೇಶ. ಆ ಒಂದು ತುಂಡು ಲೋಹಕ್ಕೆ ತೋರುವ ಕಾಳಜಿಯ ಅರ್ಧದಷ್ಟು ತೋರಿದರೂ ಸಾಕು. ವಾಹನ ಠಾಣೆಯ ಅಂಗಳ ಬಿಡುವ ಮುನ್ನಾದಿನ ಒಂದು ಗಂಟೆಯ ಕೆಲಸ. ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಕ್ಯಾಮೆರಾ ಪ್ರತಿಯೊಬ್ಬ ಸಿಬ್ಬಂದಿಯ ಜೇಬಿನಲ್ಲಿದೆ.

ಏನನ್ನು ತೆಗೆಯಬೇಕು ಎಂಬುದೂ ಮುಖ್ಯ. ನಾಲ್ಕು ದಿಕ್ಕಿನಿಂದ ನಾಲ್ಕು ಚಿತ್ರ ಯಾರಾದರೂ ತೆಗೆದಾರು. ಅದಕ್ಕಿಂತ ಹೆಚ್ಚು ಹೇಳುವುದು ಸಣ್ಣ ಸಂಗತಿಗಳು: ಪಂಪಿನ ಹಿಡಿಕೆಗಳು ಮತ್ತು ಒತ್ತಡದ ಗಡಿಯಾರ, ಒಡಲು ಕಟ್ಟಿದ ಕಾರ್ಖಾನೆಯ ಹಿತ್ತಾಳೆಯ ಫಲಕ, ಬಾಗಿಲ ಮೇಲಿನ ಬರಹ, ಕೈ ತಾಗಿ ಬಣ್ಣ ಸವೆದ ಜಾಗ, ಸಿಬ್ಬಂದಿಯೇ ಬೆಸುಗೆ ಹಾಕಿ ಸೇರಿಸಿಕೊಂಡ ಕೊಂಡಿ. ನೋಂದಣಿ ಫಲಕ ಸ್ಪಷ್ಟವಾಗಿ ಕಾಣಬೇಕು. ‘ಕೆಎ 32’ ಎಂದರೆ ಕಲಬುರಗಿಯದು ಎಂದು ಮುಂದಿನವರಿಗೆ ತಿಳಿಯುವುದು ಅದರಿಂದಲೇ. ಕೊನೆಗೆ, ವಾಹನದ ಮುಂದೆ ಅಂದಿನ ಸಿಬ್ಬಂದಿಯೆಲ್ಲ ನಿಂತ ಒಂದು ಚಿತ್ರ, ಎಡದಿಂದ ಬಲಕ್ಕೆ ಹೆಸರುಗಳ ಸಮೇತ. ಈ ಹೆಸರುಗಳ ಪಟ್ಟಿಯನ್ನು ನಾನು ಚಿತ್ರಕ್ಕಿಂತ ಮೇಲಿಡುತ್ತೇನೆ. ಹೀಗೆ ತೆಗೆದದ್ದನ್ನು ವಾಟ್ಸ್‌ಆ್ಯಪಿನಲ್ಲಿ ಕಳುಹಿಸಿ ಕೈತೊಳೆದುಕೊಳ್ಳಬಾರದು. ಅದು ಚಿತ್ರವನ್ನು ಕುಗ್ಗಿಸುವುದಲ್ಲದೆ, ತೆಗೆದ ದಿನ ಮತ್ತು ಸ್ಥಳದ ಮಾಹಿತಿಯನ್ನೂ ಅಳಿಸಿಹಾಕುತ್ತದೆ. ಮೂಲ ಕಡತವನ್ನು ಎರಡು ಕಡೆ ಇಡಬೇಕು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ, 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವೇ ಇರುವಾಗ ಎರಡನೆಯ ಕಡೆಗೆ ಬಹಳ ದೂರ ಹುಡುಕಬೇಕಿಲ್ಲ. ಇತಿಹಾಸದ ವಿದ್ಯಾರ್ಥಿಗಳು ಬೇಸಿಗೆಯ ರಜೆಯಲ್ಲಿ ಅಫಜಲಪುರ, ಜೇವರ್ಗಿ, ಚಿಂಚೋಳಿಗಳ ನಿವೃತ್ತ ಸಿಬ್ಬಂದಿಯ ಮನೆಬಾಗಿಲು ತಟ್ಟಿದರೆ ಒಂದು ಸಂಗ್ರಹವೇ ಕೂಡೀತು.

ಹಳೆಯ ಚಿತ್ರಗಳಿಗೂ ಆಯಸ್ಸಿದೆ, ಅದೂ ವಿಚಿತ್ರವಾದ ಆಯಸ್ಸು. ಹಳೆಯ ಕಪ್ಪು ಬಿಳುಪಿನ ಚಿತ್ರಗಳಲ್ಲಿ ಬೆಳ್ಳಿಯ ಕಣಗಳಿವೆ. ತೇವ ತಾಗದಿದ್ದರೆ ನೂರು ವರ್ಷ ಬಾಳುತ್ತವೆ. ಆದರೆ ಅವುಗಳಲ್ಲಿ ವಾಹನದ ಕೆಂಪು ಕಾಣದು. ಹಿಂದಿನ ಕಾಲದ ಫಲಕಗಳಿಗಂತೂ ಕೆಂಪು ಬಣ್ಣವೇ ತಿಳಿಯುತ್ತಿರಲಿಲ್ಲ. ಉರಿಗೆಂಪಿನ ವಾಹನ ಅವುಗಳಲ್ಲಿ ಕಾಡಿಗೆಯಂತೆ ಕಪ್ಪು. ಭಾರತೀಯ ಮಾನಕದ ಬಣ್ಣಗಳ ಪಟ್ಟಿಯಲ್ಲಿ ಅಗ್ನಿಶಾಮಕ ಕೆಂಪಿಗೆ 536 ಎಂಬ ಸಂಖ್ಯೆಯೇ ಇದೆ, ಅಂಚೆ ಡಬ್ಬಿಯ ಕೆಂಪೇ ಬೇರೆ. ಎಂಬತ್ತರ ದಶಕದ ಬಣ್ಣದ ಚಿತ್ರಗಳದು ಇನ್ನೊಂದು ಕಥೆ. ಅವುಗಳಲ್ಲಿ ಮೊದಲು ಮಾಸುವುದು ನೀಲಿ ಛಾಯೆ. ಆಕಾಶ, ಮರ, ಖಾಕಿ ಎಲ್ಲವೂ ಕೆಂಪಗಾಗುತ್ತ ಬರುತ್ತವೆ. ಕೊನೆಗೆ ತನ್ನ ನಿಜವಾದ ಬಣ್ಣದಲ್ಲಿ ಉಳಿಯುವುದು ಬೆಂಕಿಯ ಗಾಡಿಯೊಂದೇ.

ಕಾಕಾ ಅವರ ಪಟದ ಗಾಜನ್ನು ತೆಗೆದು, ಅಂಗಳದ ನೆರಳಿನಲ್ಲಿಟ್ಟು ಪ್ರತಿ ಮಾಡಿಕೊಂಡೆವು. ಬೆನ್ನ ಮೇಲೆ ಹೆಸರುಗಳನ್ನು ಬರೆಯಲು ಅವರ ಮೊಮ್ಮಗಳ ಪೆನ್ಸಿಲು ತೆಗೆದುಕೊಂಡೆವು. ಪೆನ್ನಿನ ಮೊನೆ ಎದುರುಬದಿಯಲ್ಲಿ ಮೂಡುತ್ತದೆ. ಹುಡುಗಿಯೇ ಬರೆದಳು. ಎಡದಿಂದ ಒಂದು, ಎರಡು, ಮೂರನೆಯದಕ್ಕೆ ‘ನಮ್ಮ ಮುತ್ಯಾ’ ಎಂದು ಬರೆಯಹೊರಟವಳನ್ನು ತಡೆದು ಪೂರ್ತಿ ಹೆಸರು ಬರೆಸಿದೆವು. ವಾಹನದ ನಂಬರನ್ನು ಕಾಕಾ ಕಣ್ಣು ಮುಚ್ಚಿಯೇ ಹೇಳಿದರು. ಚಿತ್ರದೊಂದಿಗೆ ತಾಳೆ ನೋಡಿದರೆ ಒಂದಂಕಿಯೂ ತಪ್ಪಿರಲಿಲ್ಲ. ಬೀದರಿನ ಚಾಲಕನ ಜಾಗದಲ್ಲಿ ಒಂದು ಗೆರೆ ಎಳೆದು ಖಾಲಿ ಬಿಟ್ಟಿದ್ದೇವೆ. ಅಲ್ಲಿ ಆ ಕಾಲದವರು ಇನ್ನೂ ಇಬ್ಬರು ಇದ್ದಾರಂತೆ. ಮುಂದಿನ ವಾರ ಅತ್ತ ಹೋಗುವವರ ಕೈಯಲ್ಲಿ ಚಿತ್ರದ ಒಂದು ಪ್ರತಿಯನ್ನು ಕೊಟ್ಟಿದ್ದೇನೆ.